‘ವೀಣಾ’ ಶಬ್ದದ ಪ್ರಾಚೀನಾರ್ಥ ಮತ್ತು ಧನುರಾಕಾರದ ವೀಣೆಯ ಸಂಚಾರ

ಪುನ್ನಾಟ ಸಂಘದ ಜಿನಸೇನಾಚಾರ್ಯರು ಶಕ 705ರಲ್ಲಿ (ಕ್ರಿ.ಶ. 783) ರಚಿಸಿದ ‘ಹರಿವಂಶಪುರಾಣ’ದಲ್ಲಿ ವಸುದೇವನು ವೀಣಾಸ್ಪರ್ಧೆಯಲ್ಲಿ ಗಂಧರ್ವದತ್ತೆಯನ್ನು ಗೆಲ್ಲುವ ಪ್ರಸಂಗವು ವಿದ್ವಾಂಸರಿಗೆ ಸುಪರಿಚಿತವಾದುದು. ಜೀವಂಧರನ ಕಥೆಯಲ್ಲಿಯೂ ಅದೇ ಹೆಸರಿನ ಕನ್ಯೆ, ಅದೇ ಬಗೆಯ ಪಣ. ಇಂತಹ ಸ್ಥಳಗಳಲ್ಲಿ ‘ವೀಣಾ’ ಎಂಬ ಶಬ್ದವು ಬಂದೊಡನೆ ಇಂದಿನ ಓದುಗನ ಮನಸ್ಸಿನಲ್ಲಿ ಮೆಟ್ಟುಗಳುಳ್ಳ ಸರಸ್ವತೀವೀಣೆಯೇ ಮೂಡುತ್ತದೆ. ಅನುವಾದಕರೂ ಟಿಪ್ಪಣಿಕಾರರೂ ಹಾಗೆಯೇ ಭಾವಿಸಿರುವುದುಂಟು. ಈ ಕಥೆಯ ಮೂಲಸ್ತರಕ್ಕೆ ಆ ಕಲ್ಪನೆ ಸಲ್ಲದು.

ಭಾರ್ಹುತ್, ಸಾಂಚಿ, ಅಮರಾವತಿಗಳ ಶಿಲ್ಪಗಳಲ್ಲಿಯೂ ಸಮುದ್ರಗುಪ್ತನ ಚಿನ್ನದ ನಾಣ್ಯದಲ್ಲಿಯೂ ಕಾಣುವ ವೀಣೆಯು ಬಿಲ್ಲಿನಂತೆ ಬಾಗಿದ ದಂಡವುಳ್ಳದ್ದು. ದೋಣಿಯಂತಹ ಒಡಲಿಗೆ ಚರ್ಮವನ್ನು ಹೊದಿಸಿ, ಅಲ್ಲಿಂದ ದಂಡಕ್ಕೆ ತಂತಿಗಳನ್ನು ಎಳೆದು ಕಟ್ಟುತ್ತಿದ್ದರು. ಆನಂದ ಕುಮಾರಸ್ವಾಮಿಯವರು 1930ರಲ್ಲಿಯೇ ಈ ವಾದ್ಯದ ಅಂಗಗಳನ್ನು ಗ್ರಂಥೋಕ್ತ ಪದಗಳೊಡನೆ ಹೊಂದಿಸಿ ತೋರಿಸಿದ್ದಾರೆ. ಇದರಲ್ಲಿ ಮೆಟ್ಟುಗಳಿಲ್ಲ, ಒಂದು ತಂತಿಗೆ ಒಂದೇ ಸ್ವರ. ನಾಟ್ಯಶಾಸ್ತ್ರವು ಚಿತ್ರಾವೀಣೆಗೆ 7, ವಿಪಂಚಿಗೆ 9 ತಂತಿಗಳನ್ನು ವಿಧಿಸಿದುದರ ಮರ್ಮ ಇಲ್ಲಿದೆ. ಹಸ್ತಪ್ರತಿಗಳಲ್ಲಿ ಇಂತಹ ತಂತಿಸಂಖ್ಯೆ ಎದುರಾದಾಗ, ಈಗಿನ ವೀಣೆಗೆ ಹೊಂದುವುದಿಲ್ಲವೆಂದು ಪಾಠವನ್ನು ತಿದ್ದಹೊರಡುವುದು ಸಾಹಸವೇ ಸರಿ. ‘ರಾಯಪಸೇಣಿಯ’ ಸೂತ್ರದ ವಾದ್ಯಪಟ್ಟಿಯು ವೀಣೆ, ವಿಪಂಚಿ, ವಲ್ಲಕಿ, ಕಚ್ಛಭಿಗಳನ್ನು ಬೇರೆಬೇರೆಯಾಗಿಯೇ ಎಣಿಸಿರುವುದನ್ನೂ ಗಮನಿಸಬೇಕು.

ಬಾಗಿದ ದಂಡದ ತಂತಿವಾದ್ಯವು ಭಾರತದಲ್ಲಿ ಮಾತ್ರವೇ ಹುಟ್ಟಿತೆನ್ನಲಾಗದು. ಮೆಸೊಪೊಟೇಮಿಯದಲ್ಲಿಯೂ ಅದು ಅತಿ ಪ್ರಾಚೀನ. ಆದರೆ ಪೂರ್ವದೇಶಗಳಿಗೆ ಅದು ಹೋದುದು ಭಾರತದ ದಾರಿಯಿಂದ. ಬರ್ಮಾದ ಶ್ರೀಕ್ಷೇತ್ರದ 7ನೆಯ ಶತಮಾನದ ಶಿಲ್ಪದಲ್ಲಿ ಅದು ಕಾಣುತ್ತದೆ. ಕ್ರಿ.ಶ. 802ರಲ್ಲಿ ಪ್ಯೂ ರಾಜ್ಯದ ವಾದಕರು ಚೀನದ ತಾಂಗ್ ಆಸ್ಥಾನಕ್ಕೆ ಹೋದಾಗ ಕೊಂಡೊಯ್ದ ವಾದ್ಯಗಳಲ್ಲಿ, ದಂಡದ ತುದಿಯಲ್ಲಿ ಪಕ್ಷಿಯ ತಲೆಯನ್ನು ಕೆತ್ತಿದ ಇಂತಹ ವೀಣೆಗಳೂ ಇದ್ದುವೆಂದು ಚೀನೀ ಇತಿಹಾಸಗ್ರಂಥವು ದಾಖಲಿಸಿದೆ. ಜಾವಾದ ಬೊರೊಬುದೂರ್, ಕಾಂಬೋಜದ ಬಯೋನ್ ದೇವಾಲಯಗಳ ಶಿಲ್ಪಗಳೂ ಇದಕ್ಕೆ ಸಾಕ್ಷಿ. ಬರ್ಮಾದಲ್ಲಂತೂ ‘ಸೌಂಗ್’ ಎಂಬ ಹೆಸರಿನಿಂದ ಅದು ಇಂದಿಗೂ ಜೀವಂತವಾಗಿದೆ. ಅದರ ದಂಡವನ್ನು ಖದಿರಜಾತಿಯ ಮರದ ಬೇರಿನಿಂದ ಮಾಡಿ, ತುದಿಯನ್ನು ಅರಳಿ ಎಲೆಯ ಆಕಾರದಲ್ಲಿ ಮುಗಿಸುತ್ತಾರೆ; ತಂತಿಗಳು ಸಾಮಾನ್ಯವಾಗಿ 16. ಅಮರಾವತಿಯ ಶಿಲ್ಪವನ್ನು ಕಂಡವರು ಅದನ್ನು ಗುರುತಿಸಲು ತಡವಾಗದು.

ಕಿರಿದಾದ ಕತ್ತಿನ ವಾದ್ಯಗಳು ಬೇರೆ ದಾರಿ ಹಿಡಿದುವು. ಜಪಾನಿನ ನಾರಾ ನಗರದ ಶೋಸೋಯಿನ್ ಭಂಡಾರದಲ್ಲಿ 8ನೆಯ ಶತಮಾನದ ಐದು ತಂತಿಯ ವಾದ್ಯವೊಂದು ಉಳಿದುಬಂದಿದೆ. ಆ ಜಾತಿಯ ವಾದ್ಯವು ಭಾರತದಿಂದ ಮಧ್ಯ ಏಷ್ಯಾದ ಮೂಲಕ ಚೀನಕ್ಕೆ ಹೋಯಿತೆಂಬುದು ವಿದ್ವಾಂಸರ ಅಭಿಪ್ರಾಯ.

ಭಾರತದಲ್ಲಿ ಧನುರಾಕಾರದ ವೀಣೆಯು ಗುಪ್ತರ ಕಾಲದ ಅನಂತರ ಕ್ರಮೇಣ ಮರೆಯಾಗಿ, ಅದರ ಹೆಸರು ಮಾತ್ರ ಬೇರೆ ವಾದ್ಯಗಳಿಗೆ ಸಂದಿತು. ಪೂರ್ತಿ ಅಳಿಯಿತೆನ್ನುವಂತಿಲ್ಲ. ಮಧ್ಯಪ್ರದೇಶದ ಪರಧಾನ ಜನರು ಗೊಂಡರ ಕಥೆಗಳನ್ನು ಹಾಡುವಾಗ ನುಡಿಸುತ್ತ ಬಂದ ಐದು ತಂತಿಯ ವಾದ್ಯವು ಇದೇ ಆಕಾರದ್ದು. ಅದನ್ನು ಅವರು ಕರೆಯುವುದು ‘ಬೀನ್ ಬಾಜಾ’ ಎಂದು.