ಅಂಗೈಯಲ್ಲಿ ನಾನೂರು ಆಟ

ಪೇಟೆಯ ಅಂಗಡಿಯ ಗಾಜಿನ ಕಪಾಟಿನಲ್ಲಿ, ಮೊಬೈಲ್ ಫೋನಿನ ಕವಚಗಳಿಗೂ ಟಾರ್ಚುಗಳಿಗೂ ನಡುವೆ, ಅದು ಕುಳಿತಿರುತ್ತದೆ. ಅಂಗೈಯಗಲದ ಪ್ಲಾಸ್ಟಿಕ್ ಪೆಟ್ಟಿಗೆ. ಮೇಲೊಂದು ಪುಟ್ಟ ತೆರೆ. ಕೆಳಗೆ ಎಡಕ್ಕೆ ಕೂಡಿಸುವ ಚಿಹ್ನೆಯಂಥ ಒಂದು ಗುಂಡಿ, ಬಲಕ್ಕೆ ದುಂಡನೆಯ ನಾಲ್ಕಾರು ಗುಂಡಿಗಳು. ಹೊರಗಿನ ಡಬ್ಬಿಯ ಮೇಲೆ, ಒಂದರಲ್ಲಿಯೇ ೪೦೦ ಆಟಗಳೆಂಬ ದಪ್ಪಕ್ಷರದ ಘೋಷಣೆ. ಬೆಲೆ ಕೆಲವು ನೂರು ರೂಪಾಯಿ.

ನರಗುಂದದ ಒಂದು ಸಂಸಾರವನ್ನು ವಾಚಕರು ಊಹಿಸಿಕೊಳ್ಳಲಿ. ತಂದೆಗೆ ನಲವತ್ತು ದಾಟಿದೆ. ಮಗ ಹತ್ತು ವರ್ಷದವನು. ಶಾಲೆಯ ನೋಟುಬುಕ್ಕು ಕೊಳ್ಳಲೆಂದು ಪೇಟೆಗೆ ಬಂದವರು ಈ ಕಪಾಟಿನ ಮುಂದೆ ನಿಂತುಬಿಡುತ್ತಾರೆ. ಮೊದಲು ನಿಂತವನು ಮಗನಲ್ಲ, ತಂದೆ. ೧೯೯೦ರ ದಶಕದಲ್ಲಿ ಓಣಿಯ ಯಾರದೋ ಮನೆಯಲ್ಲಿ, ಟಿ.ವಿ.ಗೆ ಜೋಡಿಸಿದ ಪೆಟ್ಟಿಗೆಯೊಳಗೆ ‘ಕ್ಯಾಸೆಟ್ಟು’ ತುರುಕಿ, ಅದು ಹತ್ತದಿದ್ದರೆ ಬಾಯಿಂದ ಊದಿ ಮತ್ತೆ ತುರುಕಿ, ತನ್ನ ಸರದಿ ಬರುವ ತನಕ ಗೋಡೆಗೊರಗಿ ಕಾದ ಮಧ್ಯಾಹ್ನಗಳು ಆತನಿಗೆ ನೆನಪಾಗಿವೆ.

“ಇದರಾಗ ಕಾಂಟ್ರಾ ಐತೇನ್ರಿ?”

“ನಾನೂರು ಆಟ ಅದಾವ್ರಿ ಸರ. ನೀವು ಕೇಳಿದ್ದು ಇರದ ಎಲ್ಲಿ ಹೋಗತೈತ್ರಿ?”

ಮನೆಗೆ ಬಂದ ಮೇಲೆ ಅಜ್ಜಿ ಕೇಳುವ ಪ್ರಶ್ನೆ ಇನ್ನೂ ಮೊನಚಾದುದು: “ನಾನೂರು ಅಂತ ನೀ ಎಣಿಸಿ ನೋಡೀಯೇನಪಾ?”

ಅಜ್ಜಿಯ ಮಾತಿನಲ್ಲಿ ಹುರುಳಿದೆ. ಇಂಥ ಯಂತ್ರವನ್ನು ಕೊಂಡವರು ತಾಳ್ಮೆಯಿಂದ ಪಟ್ಟಿಯ ಕೊನೆಯವರೆಗೆ ಹೋದರೆ, ಒಂದೇ ಆಟ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುವುದನ್ನು ಕಾಣಬಹುದು. ಒಂದು ಕಡೆ ಮೊದಲನೆಯ ಹಂತದಿಂದ ಆರಂಭ, ಇನ್ನೊಂದು ಕಡೆ ಮೂರನೆಯ ಹಂತದಿಂದ. ಒಂದರಲ್ಲಿ ನಾಯಕನ ಅಂಗಿ ಕೆಂಪು, ಇನ್ನೊಂದರಲ್ಲಿ ಹಸಿರು. ಇದು ಹೊಸ ಚಾಳಿಯೇನೂ ಅಲ್ಲ. ಜಾತ್ರೆಗಳಲ್ಲಿ ಮಾರುತ್ತಿದ್ದ ‘ಬ್ರಿಕ್ ಗೇಮ್’ ಎಂಬ ಇಟ್ಟಿಗೆಯಾಟದ ಮೇಲೆ ೯೯೯೯ ಆಟಗಳೆಂದು ಅಚ್ಚಾಗಿರುತ್ತಿತ್ತು. ಅದರೊಳಗಿದ್ದುದು ಬೆರಳೆಣಿಕೆಯ ಆಟಗಳು. ವೇಗ ಮತ್ತು ಹಂತಗಳನ್ನು ಗುಣಿಸಿ ಗುಣಿಸಿ ಆ ಸಂಖ್ಯೆಯನ್ನು ಉಬ್ಬಿಸಲಾಗಿತ್ತು. ಆದುದರಿಂದ ಕೊಳ್ಳುವವರು ಡಬ್ಬಿಯ ಮೇಲಿನ ಅಂಕಿಯನ್ನು ನೋಡದೆ, ತಮಗೆ ಬೇಕಾದ ನಾಲ್ಕೈದು ಆಟಗಳ ಹೆಸರನ್ನು ಮನೆಯಿಂದಲೇ ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಲೇಸು.

ಈ ಆಟಗಳ ಮೂಲ ಜಪಾನಿನಲ್ಲಿದೆ. ಕ್ಯೋಟೋ ನಗರದಲ್ಲಿ ೧೮೮೯ರಲ್ಲಿ ಹೂವಿನ ಚಿತ್ರದ ಆಟದೆಲೆಗಳನ್ನು ತಯಾರಿಸಲು ಹುಟ್ಟಿದ ನಿಂಟೆಂಡೋ ಸಂಸ್ಥೆ, ೧೯೮೩ರ ಜುಲೈ ೧೫ರಂದು ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಆಟದ ಯಂತ್ರವನ್ನು ಮಾರಾಟಕ್ಕೆ ತಂದಿತು. ಅದರ ಮಿದುಳು ಸೆಕೆಂಡಿಗೆ ಸುಮಾರು ೧೮ ಲಕ್ಷ ಬಡಿತಗಳ ಒಂದು ಚಿಪ್ಪು; ಕೆಲಸ ಮಾಡುವಾಗ ನೆನಪಿಟ್ಟುಕೊಳ್ಳಲು ಅದಕ್ಕಿದ್ದ ಜಾಗ ಕೇವಲ ೨ ಕಿಲೋಬೈಟು. ಈ ಲೇಖನದ ಒಂದು ದೊಡ್ಡ ಪ್ಯಾರಾವನ್ನು ಕನ್ನಡ ಯೂನಿಕೋಡಿನಲ್ಲಿ ತುಂಬಿದರೆ ಅಲ್ಲಿ ಬೇರೇನಕ್ಕೂ ಎಡೆಯುಳಿಯದು. ಅಷ್ಟರಲ್ಲಿಯೇ ೧೯೮೫ರ ‘ಸೂಪರ್ ಮಾರಿಯೋ ಬ್ರದರ್ಸ್’ ಓಡಿತು, ೧೯೮೮ರ ‘ಕಾಂಟ್ರಾ’ ಗುಂಡು ಹಾರಿಸಿತು.

ತೈವಾನ್ ಮತ್ತು ಚೀನಾದ ತಯಾರಕರು ಬಲುಬೇಗನೆ ಈ ಯಂತ್ರದ ಪ್ರತಿಗಳನ್ನು ಮಾಡಿದರು. ನಮ್ಮ ಪೇಟೆಗಳಿಗೆ ಬೇರೆ ಬೇರೆ ಹೆಸರಿನಲ್ಲಿ ಬಂದು, ಮಧ್ಯಮ ವರ್ಗದ ಮನೆಗಳ ಟಿ.ವಿ.ಯ ಪಕ್ಕದಲ್ಲಿ ಕುಳಿತವುಗಳಲ್ಲಿ ಬಹುಪಾಲು ಆ ಪ್ರತಿಗಳೇ. ನರಗುಂದದ ತಂದೆ ಹುಡುಕುತ್ತಿರುವ ‘ಅಸಲಿ’ ಆಟವೂ ಹಾಗೆ ನೋಡಿದರೆ ನಕಲಿಯದೇ ನೆನಪು. ಬರಬರುತ್ತ ಇಡೀ ಯಂತ್ರದ ಕೆಲಸವನ್ನು ಒಂದೇ ಚಿಪ್ಪಿನೊಳಗೆ ಅಡಕಮಾಡುವುದು ಸಾಧ್ಯವಾಯಿತು. ಇಂದಿನ ಅಗ್ಗದ ಪೆಟ್ಟಿಗೆಯನ್ನು ಬಿಚ್ಚಿದರೆ ಹಲಗೆಯ ನಡುವೆ ಡಾಂಬರಿನ ಬೊಟ್ಟಿನಂಥ ಒಂದು ಕಪ್ಪು ಗುಂಡು ಕಾಣುತ್ತದೆ. ೧೯೮೩ರ ಯಂತ್ರವೆಲ್ಲ ಅದರಡಿಯಲ್ಲಿ ಮಲಗಿದೆ.

ಇಲ್ಲಿ ಕಾನೂನಿನ ಒಂದು ತೊಡಕು ಉಂಟು. ಯಂತ್ರದ ರಚನೆಗೆ ಸಿಕ್ಕುವ ಪೇಟೆಂಟು ೨೦ ವರ್ಷಗಳಲ್ಲಿ ತೀರಿಹೋಗುತ್ತದೆ. ಆದುದರಿಂದ ಆ ಹಳೆಯ ಯಂತ್ರದಂಥ ಯಂತ್ರವನ್ನು ಇಂದು ಯಾರಾದರೂ ಕಟ್ಟಬಹುದು. ಆದರೆ ಅದರಲ್ಲಿ ಓಡುವ ಆಟದ ಮಾತು ಬೇರೆ. ನಮ್ಮ ೧೯೫೭ರ ಕಾಪಿರೈಟ್ ಶಾಸನ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿನಲ್ಲಿ ಎಣಿಸುತ್ತದೆ. ಸಾಹಿತ್ಯ ಕೃತಿಗಾದರೋ ಕರ್ತೃ ತೀರಿಕೊಂಡ ಮೇಲೂ ೬೦ ವರ್ಷ ರಕ್ಷಣೆಯಿದೆ. ಕಾದಂಬರಿಯೂ ಮಾರಿಯೋನ ಜಿಗಿತವೂ ಕಾನೂನಿನ ಒಂದೇ ಕಪಾಟಿನಲ್ಲಿ ಕುಳಿತಿವೆ! ಕೆಲವು ನೂರು ರೂಪಾಯಿಗೆ ನಾನೂರು ಆಟ ಕೊಡುವಾತನು ಆ ಹಕ್ಕುದಾರರಿಗೆಲ್ಲ ಹಣ ತೆತ್ತಿರುವನೆಂದು ನಂಬುವುದು ಕಷ್ಟ. ಇದನ್ನು ತಿಳಿದೂ ಕೊಳ್ಳುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಮಗನಿಗೆ ಪರೀಕ್ಷೆಯಲ್ಲಿ ನಕಲು ಮಾಡಬೇಡವೆಂದು ಹೇಳುವ ಮನೆಯಲ್ಲಿ ಈ ವಿಷಯ ಒಮ್ಮೆ ಮಾತಿಗೆ ಬರುವುದು ಕೆಟ್ಟದ್ದಲ್ಲ.

ನ್ಯಾಯವಾಗಿ, ಬಿಟ್ಟಿಯಾಗಿ ಸಿಕ್ಕುವ ಆಟಗಳೂ ಇವೆ. ೨೦೧೭ರಲ್ಲಿ ಬಂದ ‘ಟೋಬು ಟೋಬು ಗರ್ಲ್’ ಎಂಬ ಆಟವನ್ನು ಅದರ ಕರ್ತೃಗಳೇ ಎಲ್ಲರಿಗೂ ತೆರೆದಿಟ್ಟಿದ್ದಾರೆ. ‘ಜಿ.ಬಿ. ಸ್ಟುಡಿಯೋ’ ಎಂಬ ಉಚಿತ ಸಾಧನದಿಂದ, ಪ್ರೋಗ್ರಾಮಿನ ಭಾಷೆ ಬಾರದವರೂ ಹಳೆಯ ಯಂತ್ರಕ್ಕೆ ಹೊಸ ಆಟ ಹೆಣೆಯಬಹುದು. ಅದರಲ್ಲಿ ಕನ್ನಡ ಬರೆಯಹೊರಟವರಿಗೆ ಮಾತ್ರ ಒಂದು ತಮಾಷೆಯ ಸಂಕಟ ಎದುರಾದೀತು: ಆ ಯಂತ್ರಗಳಲ್ಲಿ ಚಿತ್ರದ ಒಂದು ತುಂಡಿಗೆ ೮ ಮನೆ ಅಗಲ, ೮ ಮನೆ ಎತ್ತರ ಮಾತ್ರ. ‘ಅ’ ಹೇಗೋ ಹಿಡಿಸೀತು. ‘ಸ್ತ್ರೀ’ ಎಂಬ ಅಕ್ಷರಕ್ಕೆ ಅಲ್ಲಿ ಜಾಗವೇ ಇಲ್ಲ.

ಹಣಕ್ಕಿಂತ, ಕಾನೂನಿಗಿಂತ ಮುಖ್ಯವಾದುದು ಬ್ಯಾಟರಿ. ಅಗ್ಗದ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಹಾಕಿರುವುದು ಹಳೆಯ ನೋಕಿಯಾ ಫೋನುಗಳಲ್ಲಿದ್ದ ಬಿ.ಎಲ್.೫ಸಿ ಎಂಬ ನಮೂನೆಯ ಲಿಥಿಯಂ ಬ್ಯಾಟರಿ. ಅದೂ ಅದರ ಪ್ರತಿ. ೨೦೦೭ರ ಆಗಸ್ಟಿನಲ್ಲಿ ನೋಕಿಯಾ ಸಂಸ್ಥೆಯೇ, ಒಬ್ಬ ತಯಾರಕರಿಂದ ಬಂದ ೪ ಕೋಟಿ ೬೦ ಲಕ್ಷ ಬಿ.ಎಲ್.೫ಸಿ ಬ್ಯಾಟರಿಗಳು ಚಾರ್ಜು ಮಾಡುವಾಗ ಅತಿಯಾಗಿ ಕಾಯಬಹುದೆಂದು ಎಚ್ಚರಿಕೆ ಕೊಟ್ಟು, ಬದಲಿಸಿಕೊಡಲು ಮುಂದಾಯಿತು. ಹೆಸರಾಂತ ತಯಾರಕರ ಕೈಯಲ್ಲಿಯೂ ತಪ್ಪಿದ ಪದಾರ್ಥ ಅದು. ಹೆಸರೇ ಇಲ್ಲದ ಕಾರ್ಖಾನೆಯದನ್ನು ಮಗುವಿನ ಹಾಸಿಗೆಯ ಮೇಲೆ ರಾತ್ರಿಯಿಡೀ ಚಾರ್ಜಿಗಿಡುವುದು ಸರ್ವಥಾ ಕೂಡದು. ಬೆನ್ನು ಉಬ್ಬಿದ ಬ್ಯಾಟರಿಯನ್ನು ಒತ್ತಿ ಚಪ್ಪಟೆ ಮಾಡಿ ಮತ್ತೆ ಮುಚ್ಚಳ ಹಾಕುವವರೂ ಇದ್ದಾರೆ. ಅದಕ್ಕಿಂತ ಅವಿವೇಕ ಬೇರೊಂದಿಲ್ಲ. ಒಂದು ಸಮಾಧಾನವೆಂದರೆ ಈ ನಮೂನೆಯ ಬ್ಯಾಟರಿ ಬೆರಳಿನಿಂದ ತೆಗೆದು ಹಾಕುವಂಥದು. ಗಜೇಂದ್ರಗಡದ ಯಾವುದೇ ಮೊಬೈಲ್ ರಿಪೇರಿಯವನು ಒಳ್ಳೆಯ ಕಂಪನಿಯದನ್ನು ಹುಡುಕಿ ಹಾಕಿಕೊಡಬಲ್ಲ. ಒಳಗೆ ಬೆಸುಗೆ ಹಾಕಿದ ಬ್ಯಾಟರಿಯ ಯಂತ್ರಕ್ಕೆ ಈ ಅನುಕೂಲವಿಲ್ಲ.

ಕೊಳ್ಳುವಾಗ ಇನ್ನೊಂದು ಗುರುತನ್ನೂ ನೋಡಬೇಕು. ಕಡ್ಡಾಯ ನೋಂದಣಿ ಆದೇಶದ ಪಟ್ಟಿಯಲ್ಲಿ ವಿಡಿಯೋ ಆಟದ ಯಂತ್ರಗಳೂ ಸೇರಿವೆ. ಭಾರತೀಯ ಮಾನಕ ಬ್ಯೂರೋದ ಮುದ್ರೆಯೊಡನೆ ‘ಆರ್’ ಅಕ್ಷರದಿಂದ ಮೊದಲಾಗುವ ಒಂದು ಸಂಖ್ಯೆ ಇದ್ದರೆ, ಅದನ್ನು ‘ಬಿ.ಐ.ಎಸ್. ಕೇರ್’ ಎಂಬ ಆ್ಯಪಿನಲ್ಲಿ ಹಾಕಿ ತಾಳೆ ನೋಡಬಹುದು. ಮುದ್ರೆಯೇ ಇಲ್ಲದಿದ್ದರೆ ಅಂಗಡಿಯವರನ್ನು ಕೇಳಲು ಸಂಕೋಚ ಬೇಡ.

ಇನ್ನು ಮೇಲುದರ್ಜೆಯ ಯಂತ್ರಗಳು. ಚೀನಾದ ಆನ್‌ಬರ್ನಿಕ್, ಮಿಯೂ ಮೊದಲಾದ ತಯಾರಕರ ಇವು ಹಳೆಯ ಯಂತ್ರದ ಚಿಪ್ಪನ್ನು ನಕಲು ಮಾಡುವುದಿಲ್ಲ. ಸಣ್ಣದೊಂದು ಕಂಪ್ಯೂಟರಿನೊಳಗೆ ಹಳೆಯ ಯಂತ್ರಗಳ ವೇಷ ಹಾಕುತ್ತವೆ. ಒಂದೇ ಪೆಟ್ಟಿಗೆ ಈಗ ೧೯೮೩ರ ಯಂತ್ರವಾದೀತು, ಕ್ಷಣದಲ್ಲಿ ೧೯೮೯ರ ‘ಗೇಮ್ ಬಾಯ್’ ಆದೀತು. ಬೆಲೆ ನೂರರಲ್ಲಲ್ಲ, ಸಾವಿರಗಳಲ್ಲಿ. ೨೦೨೨ರ ಕೊನೆಯಲ್ಲಿ ಬಂದ ಆನ್‌ಬರ್ನಿಕ್ ‘ಆರ್‌ಜಿ ೩೫ ಎಕ್ಸ್‌ಎಕ್ಸ್’, ಮರುವರ್ಷದ ‘ಮಿಯೂ ಮಿನಿ ಪ್ಲಸ್’ ಎರಡರಲ್ಲಿಯೂ ಮೂರೂವರೆ ಅಂಗುಲದ ತೆರೆ. ಅದರಲ್ಲಿ ಅಡ್ಡಕ್ಕೆ ೬೪೦, ಉದ್ದಕ್ಕೆ ೪೮೦ ಚುಕ್ಕೆಗಳು.

ಈ ಚುಕ್ಕೆಗಳ ಲೆಕ್ಕ ಏಕೆ ಬೇಕೆಂಬುದನ್ನು ಗಜೇಂದ್ರಗಡದವರಿಗೆ ವಿವರಿಸುವುದು ಸುಲಭ. ಅಲ್ಲಿಯ ಪಟ್ಟೇದ ಅಂಚಿನ ಸೀರೆಯ ಚೌಕಳಿಯನ್ನು ನೆನೆಯಿರಿ. ಪ್ರತಿಯೊಂದು ಚೌಕಕ್ಕೂ ಇಷ್ಟೇ ಎಳೆ ಎಂಬ ಲೆಕ್ಕವಿರುವುದರಿಂದಲೇ ಸೀರೆಯುದ್ದಕ್ಕೂ ಚೌಕಗಳು ಸಮನಾಗಿರುತ್ತವೆ. ಒಂದು ಚೌಕಕ್ಕೆ ಎರಡೂವರೆ ಎಳೆ ಹಾಕಿರೆಂದರೆ ನೇಕಾರನು ನಕ್ಕಾನು. ಹಳೆಯ ಆಟದ ಚಿತ್ರವೂ ಚೌಕಳಿಯೇ. ಫ್ಯಾಮಿಲಿ ಕಂಪ್ಯೂಟರಿನ ಚಿತ್ರ ಅಡ್ಡಕ್ಕೆ ೨೫೬, ಉದ್ದಕ್ಕೆ ೨೪೦ ಚೌಕ. ೬೪೦–೪೮೦ರ ತೆರೆಯ ಮೇಲೆ ಒಂದೊಂದನ್ನು ಸರಿಯಾಗಿ ಎರಡು ಪಟ್ಟು ಹಿಗ್ಗಿಸಿದರೆ ೫೧೨–೪೮೦. ಮೇಲೆ ಕೆಳಗೆ ಕೂದಲೆಳೆಯಷ್ಟೂ ಬಿಡದೆ ಕೂರುತ್ತದೆ. ಗೇಮ್ ಬಾಯ್‌ನ ೧೬೦–೧೪೪ರ ಚಿತ್ರ ಮೂರು ಪಟ್ಟಿಗೆ ಹೊಂದುತ್ತದೆ. ೨೦೦೧ರ ‘ಗೇಮ್ ಬಾಯ್ ಅಡ್ವಾನ್ಸ್’ನ ೨೪೦–೧೬೦ರ ಚಿತ್ರವನ್ನು ತೆರೆಯ ಅಗಲಕ್ಕೆ ತುಂಬಹೊರಟರೆ ಮಾತ್ರ ಎರಡೂ ಮುಕ್ಕಾಲಿನ ಹತ್ತಿರದ ಭಿನ್ನರಾಶಿ ಬಂದು, ಗೆರೆಗಳು ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗುತ್ತವೆ. ಹೀಗಾಗಿ ಯಾವ ಕಾಲದ ಆಟ ಬೇಕೆಂಬುದನ್ನು ನಿಶ್ಚಯಿಸಿಕೊಂಡು ತೆರೆಯನ್ನು ಆರಿಸಬೇಕಲ್ಲದೆ, ದೊಡ್ಡದೆಲ್ಲ ಒಳ್ಳೆಯದೆಂದಲ್ಲ.

ಗೇಮ್ ಬಾಯ್‌ನ ಕಥೆಯೂ ಇದನ್ನೇ ಹೇಳುತ್ತದೆ. ಅದನ್ನು ರೂಪಿಸಿದ ಗುಂಪೇ ಯೊಕೊಯಿ ಎಂಬ ಎಂಜಿನಿಯರು, ಹಳತಾಗಿ ಅಗ್ಗವಾದ ತಂತ್ರವನ್ನು ಹೊಸ ಉಪಯೋಗಕ್ಕೆ ತಿರುಗಿಸಬೇಕೆಂಬ ಮತದವರು. ಬಣ್ಣವಿಲ್ಲ, ಹಿಂದಿನಿಂದ ಬೆಳಕಿಲ್ಲ. ನಾಲ್ಕು ಛಾಯೆಗಳ ಮಬ್ಬು ತೆರೆ, ನಾಲ್ಕು ಪೆನ್ಸೆಲ್ಲು. ಎದುರಾಳಿ ಸೆಗಾ ಸಂಸ್ಥೆಯ ‘ಗೇಮ್ ಗಿಯರ್’ ಬಣ್ಣಬಣ್ಣವಾಗಿಯೇ ಬಂದಿತು. ಆದರೆ ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗಿಹಾಕುತ್ತಿತ್ತು. ಗೆದ್ದದ್ದು ಮಬ್ಬು ತೆರೆಯದೇ.

ಮೇಲುದರ್ಜೆಯವುಗಳಲ್ಲಿಯೂ ಮೋಸವಿಲ್ಲದಿಲ್ಲ. ‘ಆರ್ ೩೬ ಎಸ್’ ಎಂಬ ಹೆಸರಿನಲ್ಲಿ ಹೊರಮೈ ಒಂದೇ ತೆರನಾಗಿದ್ದು ಒಳಗಿನ ಹಲಗೆ ಬೇರೆಯಾದ ಯಂತ್ರಗಳು ಮಾರಾಟವಾಗುತ್ತಿವೆ. ನಕಲಿಗೂ ನಕಲಿ! ಜೊತೆಗೆ ಬರುವ ಮೆಮೊರಿ ಕಾರ್ಡು ಹಲವು ಸಲ ಕಳಪೆಯದು. ಕೆಲವೇ ತಿಂಗಳಲ್ಲಿ ಕೆಟ್ಟು, ಮಗ ಕಷ್ಟಪಟ್ಟು ಮುಟ್ಟಿದ ಹಂತವನ್ನೆಲ್ಲ ನುಂಗಿಬಿಡುತ್ತದೆ. ಬಂದ ದಿನವೇ ಒಳ್ಳೆಯ ಕಾರ್ಡಿಗೆ ನಕಲಿಳಿಸಿಕೊಳ್ಳುವುದು ಜಾಣತನ. ಇನ್ನೊಂದು ಸಂಗತಿ: ಇವುಗಳಲ್ಲಿ ಕೆಲವು ಯಂತ್ರಗಳು ಎರಡು ತುದಿಯೂ ಸಿ–ನಮೂನೆಯದಾದ ಹೊಸ ತಂತಿಯಿಂದ ಚಾರ್ಜಾಗುವುದೇ ಇಲ್ಲ. ತಯಾರಕರು ಉಳಿಸಿದ ಒಂದೆರಡು ಪುಟ್ಟ ಬಿಡಿಭಾಗಗಳೇ ಇದಕ್ಕೆ ಕಾರಣ. ಯಂತ್ರ ಸತ್ತಿತೆಂದು ಹುಬ್ಬಳ್ಳಿಯ ಬಸ್ಸು ಹತ್ತುವ ಮೊದಲು, ಒಂದು ತುದಿ ಅಗಲವಾಗಿರುವ ಹಳೆಯ ತಂತಿಯನ್ನು ಹಾಕಿ ನೋಡಬೇಕು.

ಮನೆಯಲ್ಲಿ ಸ್ಮಾರ್ಟ್‌ಫೋನು ಇರುವಾಗ ಇದೆಲ್ಲ ಏಕೆ ಎಂದು ತಾಯಿ ಕೇಳಿಯಾಳು. ಕೇಳತಕ್ಕದ್ದೇ. ಆಟದ ವೇಷ ಹಾಕುವ ಶಕ್ತಿ ಫೋನಿಗೂ ಉಂಟು. ಆದರೆ ಗಾಜಿನ ಮೇಲೆ ಬೆರಳಿಗೆ ಗುಂಡಿಯ ಅಂಚು ಸಿಕ್ಕುವುದಿಲ್ಲ, ಮಾರಿಯೋ ಕಂದಕಕ್ಕೆ ಬೀಳುತ್ತಾನೆ. ಫೋನಿಗೆ ಜೋಡಿಸುವ ಗುಂಡಿಹಲಗೆಯೊಂದನ್ನು ಕೊಂಡರೆ ಮೇಲುದರ್ಜೆಯ ಯಂತ್ರದ ಬೆಲೆ ಬಹಳ ಮಟ್ಟಿಗೆ ಉಳಿಯುತ್ತದೆ. ಪುಟ್ಟ ಯಂತ್ರದ ಪರವಾಗಿ ಹೇಳಬಹುದಾದ ಮಾತೆಂದರೆ, ಅದರಲ್ಲಿ ಕರೆ ಬರುವುದಿಲ್ಲ, ಜಾಹೀರಾತು ಬರುವುದಿಲ್ಲ, ಹಣ ಕೇಳುವ ಕಿಟಕಿ ತೆರೆಯುವುದಿಲ್ಲ. ತೀರ ಸಣ್ಣ ಮಕ್ಕಳಿಗಾದರೆ ಸಾಮಾನ್ಯ ಸೆಲ್ಲಿನ ಇಟ್ಟಿಗೆಯಾಟವೇ ಸಾಕು. ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೋವ್ ೧೯೮೪ರಲ್ಲಿ ರಚಿಸಿದ ‘ಟೆಟ್ರಿಸ್’ಗೆ ಬಣ್ಣವಾಗಲಿ ಲಿಥಿಯಮ್ಮಾಗಲಿ ಬೇಕಾಗಿಲ್ಲ.

ಉಳಿದದ್ದು ಗುಂಡಿಯ ಪರೀಕ್ಷೆ. ಡಬ್ಬಿ ಎಷ್ಟೇ ಚೆಂದವಿರಲಿ, ಕೂಡಿಸುವ ಚಿಹ್ನೆಯ ಗುಂಡಿ ಸರಿಯಿಲ್ಲದಿದ್ದರೆ ಆಟವಿಲ್ಲ. ಮೇಲೆ ಒತ್ತಿದರೆ ಓರೆಗೆ ಹೋಗುವ ಗುಂಡಿಗಳು ಅಗ್ಗದವುಗಳಲ್ಲಿ ಹೇರಳ. ಇದಕ್ಕೆ ಕಾಂಟ್ರಾ ಆಟದ ಗುಟ್ಟಿನ ಸಂಕೇತವೇ ಒಳ್ಳೆಯ ಒರೆಗಲ್ಲು. ಕೊನಾಮಿ ಸಂಸ್ಥೆಯ ಕಜುಹಿಸಾ ಹಶಿಮೊಟೊ ಎಂಬವರು ‘ಗ್ರೇಡಿಯಸ್’ ಆಟವನ್ನು ಪರೀಕ್ಷಿಸುವಾಗ, ಅದು ತಮಗೇ ಕಠಿಣವಾದುದರಿಂದ ಇದನ್ನು ಒಳಗೆ ಸೇರಿಸಿದ್ದರು. ಕಾಂಟ್ರಾದಲ್ಲಿ ಇದರಿಂದ ೩೦ ಜೀವಗಳು ಸಿಕ್ಕುತ್ತವೆ. ಆಟದ ಹೆಸರು ಕಾಣುವಾಗ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಒಂದು ಒತ್ತು ತಪ್ಪಿದರೂ ಸಂಕೇತ ಹತ್ತುವುದಿಲ್ಲ. (ಕೆಲವು ಪ್ರತಿಗಳಲ್ಲಿ ೩೦ ಜೀವ ಮೊದಲೇ ತುಂಬಿರುತ್ತದೆ; ಅಲ್ಲಿ ಈ ಪರೀಕ್ಷೆ ನಡೆಯದು.)

ನರಗುಂದದ ತಂದೆ ಅಂಗಡಿಯವನನ್ನು ಒಪ್ಪಿಸಿ, ಒಂದು ಪೆಟ್ಟಿಗೆಯನ್ನು ಬಿಚ್ಚಿಸಿ, ಸಂಕೇತ ಒತ್ತುತ್ತಾನೆ. ಮೊದಲನೆಯದರಲ್ಲಿ ಮೂರೇ ಜೀವ. ಎರಡನೆಯ ಪೆಟ್ಟಿಗೆ, ಮತ್ತೆ ಮೂರೇ. ಮೂರನೆಯದರಲ್ಲಿ ಹತ್ತುತ್ತದೆ. ಮಗ ಕಪಾಟಿಗೆ ಒರಗಿ ನಿಂತಿದ್ದಾನೆ.

“ಅಪ್ಪಾ, ಈಗರೆ ನಾ ಆಡ್ಲ್ಯಾ?”

“ತಡಿಯಪಾ, ಇನ್ನ ಇಪ್ಪತ್ತೇಳು ಜೀವ ಅದಾವು.”