ಬಾದಾಮಿಯಿಂದ ಹಂಪಿಗೆ, ಇಬ್ಬರೇ

ಮದುವೆಯ ಓಡಾಟ ಮುಗಿಯುವ ಮೊದಲೇ ಹೊಸ ಜೋಡಿಗೆ ಪ್ರಶ್ನೆ ಎದುರಾಗಿರುತ್ತದೆ: ಎಲ್ಲಿಗೆ ಹೋಗ್ತೀರಿ? ಕೇಳಿದವರೇ ಉತ್ತರವನ್ನೂ ಕೊಡುತ್ತಾರೆ. ಮಡಿಕೇರಿ, ಊಟಿ, ಮುನ್ನಾರ್, ಗೋವಾ. ಎಲ್ಲವೂ ಚೆಂದದ ಜಾಗಗಳೇ. ಆದರೆ ದಾರಿಬದಿಯಲ್ಲಿ ಶಾಸನದ ಕಲ್ಲು ಕಂಡರೆ ಬೈಕು ನಿಲ್ಲಿಸುವ ಹುಡುಗ, ಹಳೆಯ ಗುಡಿಯ ಹೊಸ್ತಿಲು ದಾಟುವ ಮುಂಚೆ ಬಾಗಿಲವಾಡದ ಕೆತ್ತನೆ ನೋಡುತ್ತ ನಿಂತುಬಿಡುವ ಹುಡುಗಿ, ಇಂಥ ಇಬ್ಬರು ಮದುವೆಯಾದರೆ ಅವರಿಗೆ ಮಂಜು ಮುಸುಕಿದ ಬೆಟ್ಟ ಎರಡನೆಯ ದಿನಕ್ಕೇ ಸಾಕೆನಿಸುತ್ತದೆ. ಅವರಿಗೆ ನಾನು ಹೇಳುವ ದಾರಿ ಒಂದೇ. ಬಾದಾಮಿಯಿಂದ ಹೊರಟು ಐಹೊಳೆ, ಪಟ್ಟದಕಲ್ಲು, ಲಕ್ಕುಂಡಿ, ಇಟಗಿ ಹಾದು ಹಂಪಿ ಸೇರುವುದು. ಅದೂ ಇದೇ ಕ್ರಮದಲ್ಲಿ.

ಸಾಮಾನ್ಯವಾಗಿ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಬೆಂಗಳೂರಿನಿಂದ ನೇರ ಹಂಪಿಗೆ ಹೋಗಿ ಅಲ್ಲಿ ಕೋಣೆ ಹಿಡಿದು, ಒಂದು ದಿನ ಕಾರು ಮಾಡಿಕೊಂಡು ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಮುಗಿಸಿ ರಾತ್ರಿ ವಾಪಸ್ಸು. ವಿಠ್ಠಲ ದೇವಾಲಯದ ಕಲ್ಲಿನ ತೇರು ನೋಡಿ ಬಂದ ಕಣ್ಣಿಗೆ ಐಹೊಳೆಯ ಲಾಡಖಾನ್ ಗುಡಿ ಸಪ್ಪೆ ಕಾಣಿಸುತ್ತದೆ. ಕಾಲದ ಜೊತೆಗೇ ನಡೆದರೆ ಹಾಗಾಗುವುದಿಲ್ಲ. 6ನೇ ಶತಮಾನದ ಗುಹೆಯಿಂದ 16ನೇ ಶತಮಾನದ ರಾಜಧಾನಿಯವರೆಗೆ ಸಾವಿರ ವರ್ಷ. ದೂರವೋ, ಸುತ್ತಾಟವೆಲ್ಲ ಸೇರಿ ಸುಮಾರು 300 ಕಿಲೋಮೀಟರು. ಇಷ್ಟು ಕಡಿಮೆ ಡೀಸೆಲ್ಲಿಗೆ ಇಷ್ಟು ಕಾಲ ದಾಟಿಸುವ ರಸ್ತೆ ನಮ್ಮ ನಾಡಿನಲ್ಲಿ ಬೇರೆ ಇಲ್ಲ.

ಮನೆಯಲ್ಲಿ ಹಿರಿಯರನ್ನು ಒಪ್ಪಿಸುವುದೂ ಸುಲಭ. ಮದುವೆಯಾದ ಮೇಲೆ ಮೊದಲು ಮನೆದೇವರಿಗೆ ಹೋಗಿಬನ್ನಿ ಅನ್ನುವುದು ಅತ್ತೆ ಮಾವಂದಿರ ವಾಡಿಕೆಯ ಮಾತು. ಬಾದಾಮಿ ಪಕ್ಕದ ಬನಶಂಕರಿ ಎಷ್ಟೋ ಮನೆತನಗಳಿಗೆ ಮನೆದೇವರು. ಉಡಿ ತುಂಬಿಸಿ, ಹೊರಗೆ ಹೆಂಗಸರು ಬುಟ್ಟಿಯಲ್ಲಿಟ್ಟು ಮಾರುವ ಜೋಳದ ರೊಟ್ಟಿ, ಪಲ್ಯ, ಮೊಸರು ತಿಂದು ಹೊರಟರೆ ಎರಡೂ ಕೆಲಸ ಆದಂತೆ.

ಹೊತ್ತಿನ ವಿಷಯದಲ್ಲಿ ಮಾತ್ರ ಜಾಗ್ರತೆ ಬೇಕು. ಏಪ್ರಿಲ್, ಮೇ ತಿಂಗಳ ಲಗ್ನ ಮುಗಿದ ಕೂಡಲೇ ಈ ಕಡೆ ಬಂದರೆ ಬಂಡೆ ಬೆಂಕಿಯಾಗಿರುತ್ತದೆ. ಬರಿಗಾಲಲ್ಲಿ ಗುಡಿಯ ಅಂಗಳ ದಾಟುವುದೂ ಕಷ್ಟ. ಆಷಾಢದಲ್ಲಿ ಮದುಮಗಳು ತವರಿಗೆ ಹೋಗುವ ರೂಢಿ ಇನ್ನೂ ಇರುವ ಮನೆಗಳವರು ಪ್ರವಾಸವನ್ನು ಶ್ರಾವಣಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಆಗ ಜೋರು ಮಳೆಯಾದ ಮರುದಿನ ಬಾದಾಮಿಯ ಕೆಂಪು ಬಂಡೆಯ ಮೇಲಿಂದ ಅಕ್ಕ-ತಂಗಿಯರ ಜಲಪಾತ ಅಗಸ್ತ್ಯತೀರ್ಥದ ಕಡೆಗೆ ಧುಮುಕುತ್ತದೆ. ಇಲ್ಲವಾದರೆ ನವೆಂಬರಿನಿಂದ ಫೆಬ್ರುವರಿ.

ಹುಬ್ಬಳ್ಳಿವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಕಾರು ಹಿಡಿದರೆ ಬಾದಾಮಿ ಎರಡೂವರೆ ತಾಸಿನ ದಾರಿ. ಬಾದಾಮಿಯಲ್ಲಿ ಮೂರು ರಾತ್ರಿ ಇರಿ, ಕಡಿಮೆ ಮಾಡಬೇಡಿ. ಇಲ್ಲಿನ ಬಂಡೆಗಳ ಮೇಲೆ ಬರೆದಿರುವ ಕಥೆಗೆ ಅಷ್ಟು ಹೊತ್ತು ಬೇಕು. ಚಾಲುಕ್ಯ ದೊರೆ ಮೊದಲನೆಯ ಪುಲಕೇಶಿ ಕೋಟೆ ಕಟ್ಟಿಸಿದ್ದನ್ನು ಹೇಳುವ ಬಂಡೆ ಶಾಸನದ ಕಾಲ 543. ಮೂರನೆಯ ಗುಹೆಯನ್ನು ಅವನ ಮಗ ಮಂಗಳೇಶ ಮಾಡಿಸಿದ್ದು 578ರಲ್ಲಿ, ಅದನ್ನೂ ಅಲ್ಲೇ ಬರೆಸಿದ್ದಾನೆ. ಆ ಗುಹೆಗೆ ಬಂದವರು ಹಾವಿನ ಮೇಲೆ ಕುಳಿತ ವಿಷ್ಣುವನ್ನು ನೋಡಿ ಮುಂದೆ ಹೋಗಿಬಿಡುತ್ತಾರೆ. ಹೊಸ ಜೋಡಿ ಕತ್ತೆತ್ತಿ ಕಂಬಗಳ ತುದಿಯನ್ನು ನೋಡಬೇಕು. ಅಲ್ಲಿ ಮರದ ಕೆಳಗೆ ಒಬ್ಬರಿಗೊಬ್ಬರು ಒರಗಿ ನಿಂತ ಗಂಡು ಹೆಣ್ಣುಗಳು, ಒಂದು ಜೋಡಿಯಂತೆ ಇನ್ನೊಂದಿಲ್ಲ. ಸಂಜೆ ಕೆರೆಯ ಮೂಡಣ ತುದಿಗೆ ನಡೆದು ಹೋಗಿ; ಪಡುವಣ ಬಿಸಿಲು ಭೂತನಾಥ ಗುಡಿಯ ಮೇಲೆ ನೇರ ಬೀಳುವ ಹೊತ್ತು ಅದು.

ಕೆರೆಯ ಬಳಿಯ ಬಂಡೆಯೊಂದರಲ್ಲಿ ಬಾದಾಮಿಯದೇ ಅವಮಾನದ ದಾಖಲೆಯಿದೆ. 642ರಲ್ಲಿ ಪಲ್ಲವ ನರಸಿಂಹವರ್ಮ ಈ ಊರನ್ನು ಗೆದ್ದು ಬರೆಸಿದ್ದು. ಅದನ್ನು ನೋಡದೆ ಪಟ್ಟದಕಲ್ಲಿಗೆ ಹೋದರೆ ಅಲ್ಲಿನ ಕಥೆ ಅರ್ಧವೇ ತಿಳಿಯುತ್ತದೆ.

ನಡುವೆ ಐಹೊಳೆಯನ್ನು ನೋಡಿಬಿಡಿ. ಅಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ, ಎಲ್ಲವನ್ನೂ ನೋಡುವ ಹಟ ಬೇಡ. ಮೇಗುಟಿ ಗುಡ್ಡ ಹತ್ತಿ 634ರ ಜಿನಾಲಯದ ಗೋಡೆಯ ಮೇಲೆ ರವಿಕೀರ್ತಿ ಬರೆದ ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ಕಣ್ಣಾರೆ ಕಾಣಿ. ಹರ್ಷನನ್ನು ತಡೆದ ದೊರೆಯ ಬಗ್ಗೆ ಶಾಲೆಯ ಪುಸ್ತಕದಲ್ಲಿ ಓದಿದ್ದಕ್ಕೆ ಆಧಾರ ಈ ಗೋಡೆಯೇ. ಆಮೇಲೆ ಕೆಳಗಿಳಿದು ಗಜಪೃಷ್ಠದ ದುರ್ಗ ಗುಡಿಯ ಸುತ್ತಿನ ಮೊಗಸಾಲೆಯಲ್ಲಿ ಒಂದು ಪ್ರದಕ್ಷಿಣೆ ಬನ್ನಿ. ಅಲ್ಲಿಯ ಕಂಬಗಳಲ್ಲೂ ಜೋಡಿಗಳಿವೆ.

ಪಟ್ಟದಕಲ್ಲಿಗೆ ಬೆಳಿಗ್ಗೆಯೇ ಹೋಗಬೇಕು. ವಿರೂಪಾಕ್ಷ ಗುಡಿ ಮೂಡಣಕ್ಕೆ, ಮಲಪ್ರಭೆಯ ಕಡೆಗೆ ಮುಖ ಮಾಡಿದೆ. ಎಳೆಬಿಸಿಲು ಮಂಟಪದೊಳಗೆ ಬರುತ್ತದೆ. ಪಲ್ಲವರು ಬಾದಾಮಿಯನ್ನು ಸುಲಿದು ಸುಮಾರು ನೂರು ವರ್ಷಕ್ಕೆ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಅವರ ರಾಜಧಾನಿ ಕಂಚಿಯನ್ನು ಗೆದ್ದ. ಸೇಡು ತೀರಿಸಿಕೊಳ್ಳುವ ಬಲ ಅವನಿಗಿತ್ತು. ಆದರೆ ಅವನು ಕಂಚಿಯ ಕೈಲಾಸನಾಥ ದೇವಾಲಯದ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟ, ಅದನ್ನು ಆ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಇಂದಿಗೂ ಅದು ಅಲ್ಲಿದೆ. ಗಂಡನ ಈ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಲೋಕೇಶ್ವರ ದೇವಾಲಯ ಕಟ್ಟಿಸಿದಳು. ನಾವಿಂದು ವಿರೂಪಾಕ್ಷ ಎನ್ನುವುದು ಅದನ್ನೇ. ಪಕ್ಕದಲ್ಲೇ ಅದೇ ವಿನ್ಯಾಸದ, ಸ್ವಲ್ಪ ಚಿಕ್ಕದಾದ ಮಲ್ಲಿಕಾರ್ಜುನ. ಅದನ್ನು ಕಟ್ಟಿಸಿದವಳು ಲೋಕಮಹಾದೇವಿಯ ಒಡಹುಟ್ಟಿದ ತಂಗಿ ತ್ರೈಲೋಕ್ಯಮಹಾದೇವಿ, ಅವಳೂ ವಿಕ್ರಮಾದಿತ್ಯನ ರಾಣಿಯೇ. ಅಕ್ಕ ತಂಗಿಯರ ಈ ಎರಡು ಗುಡಿಗಳ ವಿಚಾರವನ್ನು ಅಲ್ಲೇ ಒಂದು ಕಂಬದ ಮೇಲೆ ಎರಡು ಲಿಪಿಗಳಲ್ಲಿ ಕೆತ್ತಿಸಲಾಗಿದೆ. ಒಂದು ನಮ್ಮ ಕಡೆಯದು, ಇನ್ನೊಂದು ಉತ್ತರದ ಸಿದ್ಧಮಾತೃಕೆ. ಕಟ್ಟಿದ ಸೂತ್ರಧಾರಿಯನ್ನೂ ಈ ಊರು ಮರೆತಿಲ್ಲ. ಗುಂಡ ಅನಿವಾರಿತಾಚಾರಿಯ ಹೆಸರು, ಅವನಿಗೆ ಸಂದ ಗೌರವ ವಿರೂಪಾಕ್ಷದ ಶಾಸನದಲ್ಲಿದೆ. ರಾಜ, ರಾಣಿ, ಶಿಲ್ಪಿ ಮೂವರ ಹೆಸರೂ ಹೀಗೆ ಒಂದೇ ಕಡೆ ಉಳಿದಿರುವ ಕಟ್ಟಡಗಳು ವಿರಳ. ಅದಕ್ಕೇ ಇಲ್ಲಿಗೆ ಪೂರ್ತಿ ಒಂದು ದಿನ ಕೊಡಿ ಎನ್ನುವುದು. ಒಬ್ಬರು ಶಾಸನ ಹುಡುಕಲಿ, ಇನ್ನೊಬ್ಬರು ಕಂಬಗಳ ಮೇಲಿನ ರಾಮಾಯಣ, ಮಹಾಭಾರತ, ಪಂಚತಂತ್ರದ ಕಥೆಗಳನ್ನು ಗುರುತಿಸಲಿ. ಇತಿಹಾಸ ಇಷ್ಟವೆನ್ನುವ ಇಬ್ಬರಿಗೂ ಒಂದೇ ಬಗೆಯ ಇಷ್ಟ ಇರಬೇಕೆಂದಿಲ್ಲ. ಯಾರಿಗೆ ಏನು ಹಿಡಿಸುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಬಾದಾಮಿ ಬಿಡುವ ಮುಂಚೆ ಗುಳೇದಗುಡ್ಡಕ್ಕೊಮ್ಮೆ ಹೋಗಿ ಖಣ ತೆಗೆದುಕೊಳ್ಳಿ. ಇಳಕಲ್ಲ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ಅನ್ನುವುದು ಈ ಸೀಮೆಯ ಮದುಮಗಳ ಉಡುಗೆ.

ಬಾದಾಮಿಯಿಂದ ಲಕ್ಕುಂಡಿಗೆ ಹೋಗುವ ದಾರಿಯಲ್ಲಿ ಗದಗಿಗೆ ಬಂದರೆ ಗಿರ್ಮಿಟ್ಟು, ಮಿರ್ಚಿ ತಿನ್ನದೆ ಹೋಗಬಾರದು. ಅಲ್ಲಿಂದ ಲಕ್ಕುಂಡಿ ಹನ್ನೆರಡು ಕಿಲೋಮೀಟರ್. ಬಾದಾಮಿಯ ಮರಳುಗಲ್ಲು ಇಲ್ಲಿಗೆ ಮುಗಿದು, ಶಿಲ್ಪಿಗಳ ಕೈಗೆ ಮೆತ್ತನೆಯ ಬಳಪದ ಕಲ್ಲು ಬಂದಿರುತ್ತದೆ. ಕಲ್ಲು ಬದಲಾದದ್ದರಿಂದಲೇ ಕೆತ್ತನೆ ಬದಲಾಯಿತು. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡ ಅಕ್ಕಸಾಲಿಗರ ಕುಸುರಿಯ ಹಾಗಿದೆ. ಆದರೆ ನಾನು ಲಕ್ಕುಂಡಿಗೆ ಹೋಗಿ ಅನ್ನುವುದು ಅತ್ತಿಮಬ್ಬೆಗಾಗಿ. ಆಕೆ ಮತ್ತು ತಂಗಿ ಗುಂಡಮಬ್ಬೆ ಇಬ್ಬರನ್ನೂ ಮದುವೆಯಾಗಿದ್ದವನು ದಂಡನಾಯಕ ನಾಗದೇವ. ಅವನು ತೀರಿಕೊಂಡಾಗ ತಂಗಿ ಸಹಗಮನ ಮಾಡಿದಳು. ಅಕ್ಕ ಮಗನಿಗಾಗಿ ಉಳಿದಳು. ಉಳಿದವಳು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು, ರನ್ನನಿಂದ ಅಜಿತಪುರಾಣ ಬರೆಸಿದಳು, 1007ರಲ್ಲಿ ಇಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದಳು. ಪಟ್ಟದಕಲ್ಲಿನ ಅಕ್ಕ ತಂಗಿಯರನ್ನು ನೋಡಿಕೊಂಡು ಬಂದವರು ಈ ಅಕ್ಕ ತಂಗಿಯರ ಮುಂದೆ ನಿಲ್ಲುವಾಗ ಮನಸ್ಸು ಭಾರವಾಗುತ್ತದೆ. ಮಧುಚಂದ್ರದಲ್ಲಿ ಇಂಥ ಮಾತು ಯಾಕೆ ಅನ್ನಿಸಬಹುದು. ಮದುವೆ ಎಂಬುದು ಈ ನೆಲದಲ್ಲಿ ಹೆಣ್ಣಿಗೆ ಏನೆಲ್ಲ ಆಗಿತ್ತು ಎಂದು ಇಬ್ಬರೂ ಕೂತು ಮಾತಾಡುವುದಾದರೆ, ಅದಕ್ಕೆ ಇದೇ ಸರಿಯಾದ ಹೊತ್ತು ಎಂದು ನನ್ನ ನಂಬಿಕೆ.

ಲಕ್ಕುಂಡಿಯಿಂದ ಹಂಪಿಯ ಕಡೆಗೆ ಹೊರಟು ಹೊಸಪೇಟೆ ಹೆದ್ದಾರಿಯಿಂದ ಸ್ವಲ್ಪ ಒಳಗೆ ಸರಿದರೆ ಇಟಗಿ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ದೇವಾಲಯವನ್ನು ಶಾಸನ ‘ದೇವಾಲಯ ಚಕ್ರವರ್ತಿ’ ಎಂದೇ ಕರೆದಿದೆ. ಒಂದು ತಾಸು ಸಾಕು, ಆದರೆ ಬಿಡಬೇಡಿ.

ಹಂಪಿಯ ಬಗ್ಗೆ ಬರೆಯುವವರು ಬಹಳ ಇದ್ದಾರೆ, ಒಂದು ವಿಷಯವಷ್ಟೇ ಹೇಳುತ್ತೇನೆ. ಇಲ್ಲಿ ಗ್ರಾನೈಟ್ ಬಂಡೆ. ಬಳಪದ ಕಲ್ಲಿನ ಕುಸುರಿ ಹುಡುಕಿದರೆ ಸಿಗದು, ಹಂಪಿಯನ್ನು ನೋಡಬೇಕಾದದ್ದು ಅದರ ಅಗಲದಲ್ಲಿ, ಮಾತಂಗ ಬೆಟ್ಟದ ಮೇಲೆ ನಿಂತು. ಆಮೇಲೆ ವಿರೂಪಾಕ್ಷನ ರಂಗಮಂಟಪದಲ್ಲಿ ಮೇಲೆ ನೋಡಿ. ಛಾವಣಿಯ ಚಿತ್ರಗಳಲ್ಲಿ ಗಿರಿಜಾ ಕಲ್ಯಾಣವಿದೆ, ರಾಮ ಸೀತೆಯರ ಮದುವೆಯಿದೆ, ಮತ್ಸ್ಯಯಂತ್ರ ಭೇದಿಸುವ ಅರ್ಜುನನಿದ್ದಾನೆ. ಪಂಪಾದೇವಿಗೂ ವಿರೂಪಾಕ್ಷನಿಗೂ ಇಲ್ಲಿ ಪ್ರತಿವರ್ಷ ಡಿಸೆಂಬರಿನ ಸುಮಾರಿಗೆ ಫಲಪೂಜೆಯಲ್ಲಿ ನಿಶ್ಚಿತಾರ್ಥ, ಚೈತ್ರದಲ್ಲಿ ಕಲ್ಯಾಣ. ಆ ದಿನಗಳಲ್ಲಿ ಬರುವುದಾದರೆ ಕೋಣೆಯನ್ನು ತಿಂಗಳ ಮೊದಲೇ ಹೇಳಿಡಿ. ಹಂಪಿ ಪಕ್ಕದ ಕಮಲಾಪುರ, ಬಾದಾಮಿ ಎರಡೂ ಕಡೆ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ ಎನ್ನುವುದೂ ನೆನಪಿರಲಿ.

ಇನ್ನೊಂದು ದಿನ ಮಿಕ್ಕಿತು, ವಿಜಯಪುರವನ್ನೂ ಸೇರಿಸೋಣವೇ ಎಂದು ಕೇಳುವವರಿದ್ದಾರೆ. ಬೇಡ. ಮಿಕ್ಕ ದಿನವನ್ನು ಹಂಪಿಯಿಂದ ಹೊಳೆಯಾಚೆಯ ಆನೆಗೊಂದಿಗೆ ಕೊಡಿ. ವಿಜಯಪುರ ಬೇರೆಯದೇ ಒಂದು ಲೋಕ, ಅದನ್ನು ಮದುವೆಯ ಮೊದಲ ವಾರ್ಷಿಕೋತ್ಸವಕ್ಕೆ ಇಟ್ಟುಕೊಳ್ಳಿ. ಹೋದಾಗ ಗೋಳಗುಮ್ಮಟಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಜನ ಬಂದು ಕೂಗತೊಡಗುವ ಮೊದಲು. ಮೇಲಿನ ಸುತ್ತು ಮೊಗಸಾಲೆಯಲ್ಲಿ ಒಬ್ಬರು ಈಚೆ, ಒಬ್ಬರು ಆಚೆ ನಿಂತು ಪಿಸುಗುಟ್ಟಿದರೆ ಕೇಳುತ್ತದೆ. ಅಲ್ಲಿಂದ ಇಬ್ರಾಹಿಂ ರೋಜಾ. ರಾಣಿ ತಾಜ್ ಸುಲ್ತಾನಾಳಿಗೆಂದು ಮೊದಲಾದ ಆ ಕಟ್ಟಡದಲ್ಲಿ, 1627ರಲ್ಲಿ ತೀರಿಕೊಂಡ ಆಕೆಯ ಗಂಡ, ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಸಮಾಧಿಯೂ ಇದೆ. ಅದಕ್ಕೆ ಅರ್ಧ ದಿನ ಬೇಕು.