ಯಾರಿಗೆ ನಿಷ್ಠೆ? ಮಹಮೂದ್ ಗಾವಾನರ ಇಕ್ಕಟ್ಟು

ಫ್ಯಾಂಟಸಿ ಗೇಮ್‌ಗಳಲ್ಲಿ ನಿಷ್ಠಾವಂತ ಯೋಧನನ್ನು ರಾಜನ ಆಜ್ಞೆ ಒಂದು ಕಡೆ, ರಾಜ್ಯದ ಹಿತ ಇನ್ನೊಂದು ಕಡೆ ಎಳೆಯುತ್ತವೆ. ನಮ್ಮ ಬೀದರಿನಲ್ಲಿ ಇಂಥ ಇಕ್ಕಟ್ಟಿಗೆ ನಿಜವಾಗಿ ಸಿಲುಕಿದವರು ಮಹಮೂದ್ ಗಾವಾನ್.

ಇರಾನಿನ ಗೀಲಾನ್ ಪ್ರಾಂತದವರಾದ ಅವರು 1453ರಲ್ಲಿ ವ್ಯಾಪಾರಿಯಾಗಿ ಬಂದು ಬಹಮನಿ ಸುಲ್ತಾನರ ವಜೀರರಾದರು. 'ಮಲಿಕ್-ಉತ್-ತುಜ್ಜಾರ್', ಅಂದರೆ ವರ್ತಕರ ಒಡೆಯ, ಎಂಬ ಬಿರುದು ಪಡೆದರು. 1472ರಲ್ಲಿ ಮದರಸಾ ಕಟ್ಟಿಸಿದರು. ನಾಲ್ಕು ಪ್ರಾಂತಗಳನ್ನು ಎಂಟು ಮಾಡಿ, ಪ್ರತಿ ಪ್ರಾಂತಾಧಿಕಾರಿಗೆ ಒಂದೇ ಕೋಟೆ ಉಳಿಸಿದರು. ರಾಜ್ಯ ಗಟ್ಟಿಯಾಯಿತು, ಆದರೆ ಅಧಿಕಾರ ಕಳೆದುಕೊಂಡ ಸರದಾರರು ವೈರಿಗಳಾದರು.

ಈ ವೈರಿಗಳು ಖಾಲಿ ಕಾಗದಕ್ಕೆ ಗಾವಾನರ ಮುದ್ರೆ ಒತ್ತಿಸಿ, ದಂಡೆತ್ತಿ ಬರುವಂತೆ ಒಡಿಶಾದ ರಾಜನನ್ನು ಕರೆಯುವ ಪತ್ರ ಬರೆದರು. ಗಾಂಧಿ ಗಂಜಿನ ವ್ಯಾಪಾರಿಗಳಿಗೂ ಕಾಮರ್ಸ್ ಓದುವ ನಮಗೂ ಇದು ಬೇಗ ಅರ್ಥವಾಗುತ್ತದೆ: ಸಹಿ ಮಾಡಿದ ಖಾಲಿ ಚೆಕ್ ಬೇರೆಯವರ ಕೈ ಸೇರಿದ ಹಾಗೆ.

ಸುಲ್ತಾನ್ ಮೂರನೇ ಮುಹಮ್ಮದ್ ಷಾ ಕರೆಸಿದಾಗ, ಗುಜರಾತಿಗೆ ಹೋಗಿಬಿಡಿ ಎಂದು ಆಪ್ತರು ಹೇಳಿದ್ದರೆಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಹೋಗಿದ್ದರೆ ಜೀವ ಉಳಿಯುತ್ತಿತ್ತೇನೋ, ಆದರೆ ಸುಳ್ಳು ಪತ್ರವೇ ನಿಜವೆನಿಸುತ್ತಿತ್ತು. ಅವರು ದರ್ಬಾರಿಗೇ ಹೋದರು. ಮುದ್ರೆ ತನ್ನದೇ, ಪತ್ರ ತನ್ನದಲ್ಲ ಎಂದರು. ಸುಲ್ತಾನ್ ವಿಚಾರಣೆ ಮಾಡಲಿಲ್ಲ. 1481ರ ಏಪ್ರಿಲ್ 5ರಂದು ಅವರನ್ನು ಕೊಲ್ಲಿಸಿದ. ಮರುವರ್ಷ ತಾನೂ ತೀರಿಕೊಂಡ. ಮುಂದೆ ರಾಜ್ಯ ಐದು ಹೋಳಾಯಿತು.

ನಮ್ಮ ಮನೆಯ ಉರ್ದುವಿನಲ್ಲಿ 'ವಫಾ' ಎನ್ನುವುದನ್ನೇ ಕನ್ನಡದಲ್ಲಿ ನಿಷ್ಠೆ ಎನ್ನುತ್ತೇವೆ. ಲೆಕ್ಕದ ಪುಸ್ತಕದಂತೆ ಅದಕ್ಕೂ ಎರಡು ಬದಿಗಳಿವೆ. ಸೇವಕ ನಂಬಿಕೆ ಉಳಿಸಿಕೊಳ್ಳಬೇಕು, ಒಡೆಯ ವಿಚಾರಿಸಿ ತೀರ್ಪು ಕೊಡಬೇಕು. ಗಾವಾನರು ತಮ್ಮ ಬದಿಯನ್ನು ಪೂರ್ತಿ ಸಲ್ಲಿಸಿದರು.